ಪೆಟ್ರೋಲ್ ಮೀಮಾಂಸಕರು

ಜಯನಗರದ ನಮ್ಮ ಪೆಟ್ರೋಲ್ ಮೀಮಾಂಸಕರು ತಮ್ಮ ಪುರಾತನ ಪ್ರೀಮಿಯರ್ ಪದ್ಮಿನಿಗೆ ಇಂಧನ ತುಂಬಿಸುವುದು ಬ್ರಾಹ್ಮೀ ಮುಹೂರ್ತದಲ್ಲಿ ಮಾತ್ರ. ತಂಪು ಹೊತ್ತಿನಲ್ಲಿ ಪೆಟ್ರೋಲ್ ಸಾಂದ್ರವಾಗಿರುವುದರಿಂದ ಅದೇ ಲೀಟರಿನಲ್ಲಿ ಅಧಿಕ ಸತ್ತ್ವ ದೊರೆಯುವುದೆಂದು ಅವರ ಸಿದ್ಧಾಂತ. ಬಂಕಿನ ತೊಟ್ಟಿ ಭೂಗರ್ಭದಲ್ಲಿರುವ ಕಾರಣ ಅದರ ಉಷ್ಣತೆ ಉದಯಾಸ್ತಮಾನಗಳನ್ನು ಅಷ್ಟಾಗಿ ಲಕ್ಷಿಸುವುದಿಲ್ಲವೆಂದು ಯಾರಾದರೂ ಬಿನ್ನವಿಸಿದರೆ, ಅಂಥವರ ಮೇಲೆ ಬೀಳುವ ಅವರ ದೃಷ್ಟಿಯಲ್ಲಿ ಕೋಪಕ್ಕಿಂತ ಅನುಕಂಪವೇ ಹೆಚ್ಚು. ಸಾವಿರ ರೂಪಾಯಿಗೆ ಹಾಕಿಸಿದರೆ ಯಂತ್ರ ಮೋಸಮಾಡುವುದೆಂದು ಸಾವಿರದ ಹದಿನೇಳಕ್ಕೆ ಹಾಕಿಸುವರು. ಆ ಹದಿನೇಳರ ಚಿಲ್ಲರೆಗಾಗಿ ಪುನಃ ಕಲಹ. ಶೋಧಕ ಕಾಗದದ ಮೇಲೆ ಒಂದು ಹನಿ ಬಿಡಿಸಿ, ಅದು ಆರಿದ ತರುವಾಯ ಕಲೆ ಉಳಿಯಿತೇ ಎಂದು ಕನ್ನಡಕವನ್ನು ಹಣೆಗೇರಿಸಿ ಪರೀಕ್ಷಿಸುವರು. ಇದು ಗ್ರಾಹಕನ ಹಕ್ಕು, ಇಷ್ಟರಮಟ್ಟಿಗೆ ನಾನೂ ಅವರ ಪಕ್ಷ; ಆದರೆ ಹಿಂದೆ ಬೈಕಿನಲ್ಲಿ ಕಾದಿರುವ ಪತ್ರಿಕೆಯ ಹುಡುಗರು ಆಗ ಪ್ರಯೋಗಿಸುವ ಭಾಷೆ ಶಾಸ್ತ್ರಚರ್ಚೆಗೆ ಉಚಿತವಾದುದಲ್ಲ.

ಅವರ ಪರಮ ದೈವವೆಂದರೆ ಆಕ್ಟೇನ್. ಚಿರಕಾಲ ಸಾಧಾರಣ ಪೆಟ್ರೋಲಿನ ಅಂಕಿಯಾಗಿದ್ದ 91ಕ್ಕಿಂತ 100 ದೊಡ್ಡದಾದಕಾರಣ ಅದರಲ್ಲಿ ಶಕ್ತಿಯೂ ಅಧಿಕವಾಗಿರಲೇಬೇಕೆಂದು ನಿಶ್ಚಯಿಸಿ, ಸುಮಾರು ಒಂದೂವರೆ ಪಟ್ಟು ಬೆಲೆ ತೆತ್ತು, ಆ ವೃದ್ಧ ವಾಹನಕ್ಕೆ ಅಮೃತಪಾನ ಮಾಡಿಸುವರು. ವಸ್ತುತಃ ಆ ಅಂಕಿ ಅಳೆಯುವುದು ಸಹನೆಯನ್ನು. ಅಂದರೆ ಸಿಲಿಂಡರಿನೊಳಗೆ ಅದುಮಿದರೂ ಕಾಯಿಸಿದರೂ, ಕಿಡಿಯಿಂದ ಹೊರಟ ಜ್ವಾಲೆ ಬಂದು ಮುಟ್ಟುವವರೆಗೆ ತಾನಾಗಿ ಸಿಡಿಯದೆ ಕಾದಿರುವ ಗುಣವನ್ನು. ಐಸೋ-ಆಕ್ಟೇನಿಗೆ 100, ಹೆಪ್ಟೇನಿಗೆ ಸೊನ್ನೆ ಎಂದು ಗೊತ್ತುಮಾಡಿ, ಇವೆರಡರ ಮಿಶ್ರಣದೊಡನೆ ಉಳಿದ ಇಂಧನಗಳನ್ನು ತೂಗಿನೋಡುವುದು ಪದ್ಧತಿ. ಸಂಪೀಡನ ಹೆಚ್ಚಿರುವ ಇಂಜಿನಿಗೂ ಟರ್ಬೋ ಇಂಜಿನಿಗೂ ಇಂಥ ಸಹನಶೀಲ ಪೆಟ್ರೋಲ್ ಬೇಕು, ಇಲ್ಲವಾದರೆ ಅವು ಟಕಟಕನೆ ಬಡಿದುಕೊಳ್ಳುತ್ತವೆ. ಪದ್ಮಿನಿಯ ಮಂದ ಸಂಪೀಡನಕ್ಕೆ ಆ ಹೆಚ್ಚಿನ ಅಂಕಿಯಿಂದ ಆಗುವ ಲಾಭ ಶೂನ್ಯ. ಈ ಸಹನೆಯ ವ್ಯಾಖ್ಯಾನವನ್ನು ನಾನು ಅರ್ಧ ಮಾಡುವಷ್ಟರಲ್ಲಿಯೇ, ಕಿಡಿಗೂ ಕಾಯದೆ, ಮೀಮಾಂಸಕರು ಸಿಡಿದರು.

2000ದಲ್ಲಿ ಸೀಸ ಬೆರೆತ ಪೆಟ್ರೋಲ್ ನಿಷಿದ್ಧವಾದಾಗ ಸೂತಕವನ್ನೇ ಆಚರಿಸಿದ್ದ ಅವರ ವ್ಯಥೆಗೆ, ಶೇಕಡ 20 ಎಥನಾಲ್ ಬೆರೆತ ಪೆಟ್ರೋಲ್ ಬಂದಮೇಲೆ ಪಾರವೇ ಇಲ್ಲ. ಒಳ್ಳೆಯ ಕಾಫಿಗೆ ಚಿಕೋರಿ ಸುರಿದಂತಾಯಿತೆಂದು ಹಲುಬುವರು. ಇಲ್ಲಿ ಅವರ ಮಾತಿನಲ್ಲಿ ತಥ್ಯಾಂಶವುಂಟು: ಎಥನಾಲಿನ ಒಂದು ಲೀಟರಿನಲ್ಲಿರುವ ಶಾಖ ಪೆಟ್ರೋಲಿಗಿಂತ ಸುಮಾರು ಮೂರರಲ್ಲೊಂದು ಪಾಲು ಕಡಿಮೆಯಾದ್ದರಿಂದ ಮೈಲೇಜು ತುಸು ಇಳಿಯುತ್ತದೆ, ತೇವವನ್ನು ಅದು ಹೀರುತ್ತದೆ, ಹಳೆಯ ವಾಹನಗಳ ರಬ್ಬರ್ ನಳಿಗೆಗಳಿಗೂ ಅದು ಹಿತವಲ್ಲ. ಆದರೆ ಎಥನಾಲ್ ಬೆರೆತಷ್ಟೂ ಆಕ್ಟೇನ್ ಏರುವುದೆಂಬ ವಾರ್ತೆಯನ್ನು ಅವರಿಗೆ ಅರುಹುವ ಧೈರ್ಯ ಬಡಾವಣೆಯಲ್ಲಿ ಯಾರಿಗೂ ಇನ್ನೂ ಬಂದಿಲ್ಲ.

ಇಂಥವರು ನಿಮ್ಮ ಬೀದಿಯಲ್ಲಿಯೂ ಒಬ್ಬರಿರುವರು. ಎದುರಾದರೆ ನಮಸ್ಕರಿಸಿ, ವಾಹನದ ಕೈಪಿಡಿಯಲ್ಲಿ ಹೇಳಿರುವ ಆಕ್ಟೇನಿನ ಪೆಟ್ರೋಲನ್ನೇ ಹಾಕಿಸಿರಿ. ಹಾಗೆಯೇ ಟೈರಿಗೆ ಗಾಳಿಯನ್ನೂ ಹಿಡಿಸಿರಿ, ಬಂಕಿನಲ್ಲಿ ಅದು ಬಿಟ್ಟಿ.