ಗೋಡೆಯ ಮೇಲಿನ ಗಡಿ

ಸ್ಮಶಾನ ವೈರಾಗ್ಯ, ಪ್ರಸೂತಿ ವೈರಾಗ್ಯ, ಪುರಾಣ ವೈರಾಗ್ಯ ಎಂದು ನಮ್ಮ ಹಿರಿಯರು ಕ್ಷಣಿಕ ವೈರಾಗ್ಯದಲ್ಲಿ ಮೂರು ಬಗೆಗಳನ್ನು ಎಣಿಸಿರುವರಷ್ಟೆ. ನಾಲ್ಕನೆಯ ಬಗೆಯೊಂದು ಅವರ ಎಣಿಕೆಗೆ ಸಿಕ್ಕದೆ ಹೋದುದಕ್ಕೆ ಆ ಕಾಲದಲ್ಲಿ ಮನೆಗೆ ಪೇಂಟರನನ್ನು ಕರೆಸುವ ಪದ್ಧತಿ ಇಲ್ಲದಿದ್ದುದೇ ಕಾರಣವಾಗಿರಬೇಕು. ಮೂವತ್ತೆಂಟು ವರ್ಷಗಳಿಂದ ತಾನು ಮಲಗುತ್ತ ಬಂದ ಮಂಚವು ಅಂಗಳದ ಬೇವಿನ ಮರದಡಿಯಲ್ಲಿ ಕಾಲು ಮೇಲಾಗಿ ಬಿದ್ದಿರುವುದನ್ನೂ, ಮದುವೆಯಲ್ಲಿ ಮಾವನವರು ಕೊಟ್ಟ ಟ್ರಂಕಿನ ಮೇಲೆ ನೆರೆಮನೆಯ ಆಡೊಂದು ನಿಂತು ಊರನ್ನೆಲ್ಲ ಅವಲೋಕಿಸುತ್ತಿರುವುದನ್ನೂ, ಯಾರಿಗೂ ಕಾಣದಂತೆ ಬಚ್ಚಿಟ್ಟಿದ್ದ ಹರಕು ಕೌದಿಯು ಹೋಗಿಬರುವವರೆಲ್ಲರ ದೃಷ್ಟಿಗೆ ಬಿದ್ದು ಬಿಸಿಲು ಕಾಯುತ್ತಿರುವುದನ್ನೂ ಕಣ್ಣಾರೆ ಕಂಡ ಗೃಹಸ್ಥನಿಗೆ ಸಂಸಾರದ ನಿಸ್ಸಾರತೆಯನ್ನು ಬೋಧಿಸಲು ಬೇರೆ ಗುರುವು ಬೇಕಾಗುವುದಿಲ್ಲ. ಕಳೆದ ಕಾರ್ತೀಕದಲ್ಲಿ ಎಂಟು ದಿನಗಳ ಮಟ್ಟಿಗೆ ನಾನು ಆ ಬಗೆಯ ವಿರಾಗಿಯಾಗಿದ್ದೆ.

ನಮ್ಮ ಊರು ಜತ್ತ ತಾಲೂಕಿನಲ್ಲಿ, ಗುಡ್ಡಾಪುರಕ್ಕೆ ಹೋಗುವ ಹಾದಿಯ ಮಗ್ಗುಲಲ್ಲಿದೆ. ಇದೇ ತಾಲೂಕಿನ ಉಮರಾಣಿಯಲ್ಲಿ ಲಿಂಗಮ್ಮನಾಗಿ ಹುಟ್ಟಿ, ದಾನಮ್ಮನೆಂಬ ಹೆಸರು ಪಡೆದ ಶರಣೆಯ ಗುಡಿ ಗುಡ್ಡಾಪುರದಲ್ಲಿರುವುದು. ಛಟ್ಟಿ ಅಮಾವಾಸ್ಯೆಯ ಜಾತ್ರೆಗೆ ವಿಜಯಪುರದ ಕಡೆಯಿಂದ ಜನರು ಹಗಲಿರುಳೆನ್ನದೆ ನಡೆದು ಬರುವರು. ಭಕ್ತಿಯು ಗುಡಿಯ ಕಡೆಗಿದ್ದರೂ ಹಸಿವೆಯು ಹಾದಿಯಲ್ಲಿಯೇ ಆಗುವುದರಿಂದ, ಬೀಗರು, ಬೀಗರ ಬೀಗರು, ಮತ್ತು ಯಾವ ಸಂಬಂಧವೆಂದು ಕೇಳಲು ಇಬ್ಬರಿಗೂ ಸಂಕೋಚವಾಗುವಷ್ಟು ದೂರದ ನೆಂಟರು ಆ ದಿನಗಳಲ್ಲಿ ನಮ್ಮ ಪಡಸಾಲೆಯನ್ನು ಪಾವನ ಮಾಡುವರು. ಬಂದವರು ರೊಟ್ಟಿ ಮುರಿಯುತ್ತಲೇ ಒಮ್ಮೆ ತಲೆಯೆತ್ತಿ ಗೋಡೆಗಳನ್ನು ನೋಡುತ್ತಾರೆ. ಆ ನೋಟವೊಂದಕ್ಕಾಗಿ ನಮ್ಮ ಮನೆಯಲ್ಲಿ ಪ್ರತಿವರ್ಷವೂ ಸುಣ್ಣ ಬಳಿಯುವುದುಂಟು.

ನನ್ನ ಬಾಲ್ಯದಲ್ಲಿ ಇದು ಅವ್ವನ ಏಕಾಧಿಪತ್ಯಕ್ಕೆ ಒಳಪಟ್ಟ ವಿಷಯವಾಗಿತ್ತು. ಮಹಾನವಮಿಗೆ ಮೊದಲು ಸಂತೆಯಿಂದ ಸುಣ್ಣದ ಹರಳು ಬರುತ್ತಿತ್ತು. ಅದನ್ನು ದೊಡ್ಡ ಮಣ್ಣಿನ ಬಾನಿಯಲ್ಲಿಟ್ಟು ನೀರು ಹೊಯ್ದೊಡನೆಯೇ, ಕೆಳಗೆ ಬೆಂಕಿಯ ಸುಳಿವೂ ಇಲ್ಲದಿದ್ದರೂ, ಅದು ಬುಸುಗುಟ್ಟಿ ಕುದಿದು ಉಗಿಯೇಳುತ್ತಿತ್ತು. ಅವ್ವನಲ್ಲಿ ಏನೋ ಮಂತ್ರಶಕ್ತಿಯಿರುವುದೆಂದು ನಾನು ಆಗ ನಂಬಿದ್ದೆ; ಮುಂದೆ ಕನ್ನಡ ಶಾಲೆಯಲ್ಲಿ ಮಾಸ್ತರನಾಗಿ ಮಕ್ಕಳಿಗೆ ವಿಜ್ಞಾನ ಪಾಠ ಹೇಳಬೇಕಾಗಿ ಬಂದಾಗಲೇ ಸುಟ್ಟ ಸುಣ್ಣಕ್ಕೆ ನೀರು ಕೂಡಿದರೆ ಉಷ್ಣವು ಹೊರಬೀಳುವುದೆಂದು ತಿಳಿದು, ಕೊಂಚ ನಿರಾಶೆಯೂ ಆಯಿತು. ತಣಿದ ಸುಣ್ಣವನ್ನು ಸೋಸಿ, ಅಂಟಿಗೆಂದು ಬೇವಿನ ಗೋಂದು ಕರಗಿಸಿ ಹಾಕಿ, ಕಡೆಗೆ ಬಟ್ಟೆಗೆ ಹಾಕುವ ನೀಲಿಯನ್ನು ಚಿಟಿಕೆಯಷ್ಟು ಬೆರೆಸುವಳು. ಬಿಳುಪಿನಲ್ಲಿ ಅಡಗಿದ ಹಳದಿಯ ಛಾಯೆಯನ್ನು ನೀಲಿಯು ಅಡಗಿಸುವುದೆಂಬ ತತ್ವವನ್ನು ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಚಿಟಿಕೆ ಹೆಚ್ಚಾದ ವರ್ಷ ಮನೆಯು ಆಕಾಶದಂತೆಯೂ, ಕಡಿಮೆಯಾದ ವರ್ಷ ಮೋಡದಂತೆಯೂ ತೋರುತ್ತಿತ್ತು. ನೆಲದಿಂದ ಮೊಳದೆತ್ತರ ಮಾತ್ರ ಕೆಮ್ಮಣ್ಣಿನ ಪಟ್ಟಿ. ಮುಗಿಯಿತು ಅಲಂಕಾರ.

ಸುಣ್ಣದ ಗೋಡೆಯ ಒಂದು ಗುಣವನ್ನು ಇಲ್ಲಿ ಹೇಳದೆ ಇರಲಾರೆ. ಹಚ್ಚಿದ ಸುಣ್ಣವು ಗಾಳಿಯಲ್ಲಿರುವ ಇಂಗಾಲಾಮ್ಲವನ್ನು ನಿಧಾನವಾಗಿ ಕುಡಿದು ಮರಳಿ ಕಲ್ಲಾಗುವುದು. ಏಳು ಜನ ಮಕ್ಕಳು ಒಂದೇ ಕೋಣೆಯಲ್ಲಿ ಉಸಿರಾಡುತ್ತಿದ್ದ ನಮ್ಮ ಮನೆಯಲ್ಲಿ ಈ ಪದಾರ್ಥಕ್ಕೆ ಎಂದೂ ಬರ ಬಂದಿರಲಿಲ್ಲ. ಹೀಗಿದ್ದರೂ ಅದು ಕಲ್ಲಾಗುವ ಮೊದಲೇ ಒರಗಿದವನ ಬೆನ್ನಿಗೆ ಸುಣ್ಣವು ಅಂಟುತ್ತಿದ್ದುದರಿಂದ, ನವರಾತ್ರಿಯ ದಿನಗಳಲ್ಲಿ ಶಾಲೆಯ ಹಿಂದಿನ ಸಾಲಿನಲ್ಲಿ ನಿಂತು ನೋಡಿದರೆ ಊರಿನಲ್ಲಿ ಯಾರ ಯಾರ ಮನೆಗೆ ಸುಣ್ಣವಾಗಿದೆ, ಯಾರ ಮನೆಗೆ ಇನ್ನೂ ಆಗಬೇಕಾಗಿದೆ ಎಂಬುದರ ಸಂಪೂರ್ಣ ಖಾನೇಷುಮಾರಿಯು ಮಕ್ಕಳ ಬೆನ್ನಿನ ಮೇಲೆಯೇ ದೊರೆಯುತ್ತಿತ್ತು.

ಒಳಗಿನ ಗೋಡೆ ಅವ್ವನದಾದರೆ ಹೊರಗಿನ ಗೋಡೆ ಸರಕಾರದ್ದಾಗಿತ್ತು. ಡಫಳೆ ಮನೆತನದ ಸಂಸ್ಥಾನವಾಗಿದ್ದ ಜತ್ತವು 1948ರಲ್ಲಿ ಮುಂಬಯಿ ಪ್ರಾಂತದಲ್ಲಿ ವಿಲೀನವಾಗಿ, 1949ರಲ್ಲಿ ದಕ್ಷಿಣ ಸಾತಾರಾ ಜಿಲ್ಲೆಗೆ ಸೇರಿ, 1960ರಲ್ಲಿ ಆ ಜಿಲ್ಲೆಯೇ ಸಾಂಗಲಿ ಎಂದು ಹೆಸರು ಬದಲಿಸಿಕೊಂಡಿತು. ಇದ್ದಲ್ಲಿಯೇ ಇದ್ದುಕೊಂಡು ಇಷ್ಟು ಪ್ರವಾಸ ಮಾಡಿದ ನಮ್ಮ ಮನೆಯ ಹೊರಗೋಡೆಯ ಮೇಲೆ ಬಂದ ಬಂದ ಅಧಿಕಾರಿಗಳೆಲ್ಲ ಒಂದೊಂದು ನಂಬರು ಬರೆದು ಹೋದರು. ಅದರಲ್ಲಿಯೇ ಒಮ್ಮೆ ಕುಟುಂಬ ಯೋಜನೆಯವರು ಬಂದು ತಲೆಕೆಳಗಾದ ಕೆಂಪು ತ್ರಿಕೋನವೊಂದನ್ನು ಅಂದವಾಗಿ ಬರೆದು, ಅದರ ಕೆಳಗೆ ಹಿತವಚನವನ್ನೂ ಬರೆದರು. ಹಿತವಚನವು ಮರಾಠಿಯಲ್ಲಿತ್ತು; ನಮ್ಮಪ್ಪನಿಗೆ ಓದಲು ಬರುತ್ತಿದ್ದುದು ಕನ್ನಡವೊಂದೇ. ನನ್ನ ಕಡೆಯ ಇಬ್ಬರು ತಮ್ಮಂದಿರು ತಮ್ಮ ಜನ್ಮಕ್ಕಾಗಿ ಭಾಷಾಸಮಸ್ಯೆಗೆ ಋಣಿಗಳಾಗಿರಬೇಕೆಂದು ನಾನು ಅವರಿಗೆ ಆಗಾಗ ಹೇಳುವುದುಂಟು. ನಾವು ಏಳೂ ಜನ ಸಂಜೆಗೆ ಆ ತ್ರಿಕೋನದ ಕೆಳಗಿನ ಕಟ್ಟೆಯ ಮೇಲೆ ಸಾಲಾಗಿ ಕುಳಿತು ಮಗ್ಗಿ ಹೇಳುತ್ತಿದ್ದೆವು.

ಅವ್ವ ತೀರಿಕೊಂಡ ಮೇಲೆ ಸುಣ್ಣದ ಕುಂಚವು ನಮ್ಮ ಮನೆಯವರ ಕೈಗೆ ಬಂದು, ನೀಲಿಯ ಚಿಟಿಕೆಯೂ ಅದೇ ಪ್ರಮಾಣದಲ್ಲಿ ನಡೆದುಬಂದಿತ್ತು. ಇಂತಿರಲು ಪುಣೆಯಲ್ಲಿರುವ ಮಗನೂ ಸೊಸೆಯೂ ಒಂದು ದಿನ ಫೋನಿನಲ್ಲಿ, “ಮಾವಾರ, ಈಗ ಯಾರೂ ಸುಣ್ಣಾ ಹಚ್ಚೂದಿಲ್ರಿ. ಛಂದಂಗೆ ಬಣ್ಣಾ ಹಚ್ಚಸ್ರಿ; ಒಂದಽ ಗೋಡಿ ಬ್ಯಾರೆ ಬಣ್ಣ, ಉಳದದ್ದು ಬ್ಯಾರೆ” ಎಂದು ಉಪದೇಶಿಸಿ, ಬಣ್ಣದ ಕೋಣೆಗಳ ಚಿತ್ರಗಳನ್ನೂ ಕಳುಹಿಸಿದರು. ಆ ಚಿತ್ರಗಳ ಕೋಣೆಗಳಲ್ಲಿ ಒಂದು ಜೋಳದ ಚೀಲವೂ ಇರಲಿಲ್ಲ, ಬಟ್ಟೆ ಒಣಗಿಸುವ ಹಗ್ಗವೂ ಇರಲಿಲ್ಲ. ಅಂಥ ಕೋಣೆಯಲ್ಲಿ ಯಾವ ಬಣ್ಣವಾದರೇನು, ಕಣ್ಣಿಗೆ ಹಿತವಾಗಿಯೇ ಇರುವುದೆಂದು ನಾನು ಹೇಳಬೇಕೆಂದಿದ್ದೆ. ಅಷ್ಟರಲ್ಲಿ ನಮ್ಮ ಮನೆಯವರು ಒಪ್ಪಿಬಿಟ್ಟಿದ್ದರು.

ಬಣ್ಣದ ಅಂಗಡಿಗಳ ವಿಷಯದಲ್ಲಿ ನನಗೆ ಗೌರವವಿಲ್ಲದಿರಲಿಲ್ಲ. ಕುಂಚ ಹಿಡಿದು, ಹಣೆಯ ಮೇಲೆ ಕೂದಲು ಬಿಟ್ಟುಕೊಂಡು, ಬಣ್ಣದ ಡಬ್ಬಿಯೊಡನೆ ತುಂಟನಗೆ ಬೀರುತ್ತಿದ್ದ ‘ಗಟ್ಟು’ ಎಂಬ ಹುಡುಗನನ್ನು ಏಷಿಯನ್ ಪೇಂಟ್ಸ್‌ನವರಿಗಾಗಿ 1954ರಲ್ಲಿ ಬರೆದುಕೊಟ್ಟವರು ನಮ್ಮ ಮೈಸೂರಿನ ಆರ್. ಕೆ. ಲಕ್ಷ್ಮಣರೆಂಬ ಅಭಿಮಾನದಿಂದ, ಆ ಚಿತ್ರವಿದ್ದ ಡಬ್ಬಿಗಳನ್ನು ನಾನು ಚಿಕ್ಕಂದಿನಲ್ಲಿ ನಿಂತು ನೋಡಿದ್ದುಂಟು. ಈಗ ಅಂಗಡಿಯಲ್ಲಿ ಗಟ್ಟುವೂ ಇಲ್ಲ. ಸಾವಿರಾರು ಬಣ್ಣಗಳ ಶೇಡ್ ಕಾರ್ಡ್ ಎಂಬ ಗ್ರಂಥವೊಂದಿದೆ. ಅದರಲ್ಲಿ ಬಿಳಿಯೊಂದಕ್ಕೇ ಇರುವ ಹೆಸರುಗಳನ್ನು ಓದಿ ಮುಗಿಸುವುದರೊಳಗೆ ಜತ್ತದಿಂದ ನಮ್ಮೂರಿಗೆ ಬರುವ ಕಡೆಯ ಬಸ್ಸು ಹೊರಟುಹೋಯಿತು. ಬಣ್ಣಗಳಲ್ಲಿ ಸಮುದ್ರದ ಹಸಿರು ಎಂಬುದೊಂದು ಬಹಳ ಮಾರಾಟವಾಗುವುದಂತೆ. ಬೇಸಗೆ ಬಂತೆಂದರೆ ಟ್ಯಾಂಕರಿನ ಮುಂದೆ ಕೊಡಗಳ ಸಾಲು ಹಚ್ಚುವ ತಾಲೂಕಿನಲ್ಲಿ ಗೋಡೆಯ ಮೇಲಾದರೂ ಸಮುದ್ರವಿರಲೆಂಬ ಜನರ ಬಯಕೆಯನ್ನು ನಾನು ಆಕ್ಷೇಪಿಸಲಾರೆ.

ಪೇಂಟರನು ಬಂದನು. ಅವನು ಅರ್ಧ ಕನ್ನಡದಲ್ಲಿ ಆರಂಭಿಸಿದ ವಾಕ್ಯವನ್ನು ಅರ್ಧ ಮರಾಠಿಯಲ್ಲಿ ಮುಗಿಸುವವನು. ನಮ್ಮಲ್ಲಿ ಎಲ್ಲರೂ ಹಾಗೆಯೇ. “ಒಳಕೋಣಿಗೆ ಬದಾಮಿ ಹಚ್ಚೂಣು ಗುರುಜಿ, ಏಕದಂ ಝಕಾಸ ಕಾಣತೈತಿ” ಎಂದನು. ನನಗೆ ಆದ ಆನಂದವನ್ನು ಏನೆಂದು ಹೇಳಲಿ! ಬಾದಾಮಿಯ ಕೆಂಬಂಡೆಗಳು, ಅಗಸ್ತ್ಯತೀರ್ಥದಲ್ಲಿ ಮೂಡುವ ಅವುಗಳ ನೆರಳು, 578ರಲ್ಲಿ ಮಂಗಳೇಶನು ಶಾಸನ ಹಾಕಿಸಿದ ಮೂರನೆಯ ಗುಹೆ, ಇವೆಲ್ಲವೂ ನಾನು ಮಲಗುವ ಕೋಣೆಗೆ ಇಳಿದುಬರುವುವೆಂದು ಪುಳಕಿತನಾಗಿ ಅವನಿಗೆ ಅರ್ಧ ತಾಸು ಚಾಲುಕ್ಯರ ಚರಿತ್ರೆಯನ್ನು ಹೇಳಿದೆನು. ಅವನು ಬೀಡಿಯನ್ನು ಹಚ್ಚದೆ ಕೈಯಲ್ಲಿಯೇ ಹಿಡಿದುಕೊಂಡು ಎಲ್ಲವನ್ನೂ ವಿನಯದಿಂದ ಕೇಳಿ, ತದನಂತರ ಡಬ್ಬಿಯ ಮುಚ್ಚಳ ತೆಗೆದನು. ಒಳಗೆ ಹಾಲಿಗೆ ಬದಾಮಿ ಅರೆದು ಹಾಕಿದಂಥ ಒಂದು ಪೇಲವ ದ್ರವವಿತ್ತು. ಅವನ ಬದಾಮಿ ತಿನ್ನುವ ಬದಾಮಿ. ದಿನಗೂಲಿಯವನಾದುದರಿಂದ ಚಾಲುಕ್ಯರಿಗೆ ತಗಲಿದ ಅರ್ಧ ತಾಸಿನ ಪಗಾರವನ್ನೂ ನಾನೇ ಕೊಟ್ಟೆನು.

ಪಡಸಾಲೆಯ ವಿಷಯವು ಇದಕ್ಕಿಂತ ಜಟಿಲವಾಯಿತು. ನನಗೆ ಬಿಳಿಯೇ ಬೇಕು. ನಮ್ಮ ಮನೆಯವರಿಗೆ ಅಬೋಲಿ. ಕನ್ನಡದ ಅಬ್ಬಲಿಗೆಯನ್ನೇ ಮರಾಠಿಯವರು ಅಬೋಲಿ ಎನ್ನುವರು; ಮಾತಾಡದವಳು ಎಂಬ ಅರ್ಥವೂ ಅದರಲ್ಲಿ ಹೊಳೆಯುವುದು; ಗಂಡಹೆಂಡಿರು ಮುನಿಸಿನಿಂದ ಮಾತು ಬಿಟ್ಟರೆ ಅದಕ್ಕೆ ಆ ಭಾಷೆಯಲ್ಲಿ ಅಬೋಲಾ ಎಂದೇ ಹೆಸರು. ಪಡಸಾಲೆಗೆ ಅಬೋಲಿ ಬೇಡವೆಂದು ನಾನು ಹೇಳಿದ ಕ್ಷಣದಿಂದ ಅಡಿಗೆಮನೆಯಲ್ಲಿ ಅಬೋಲಾ ಆರಂಭವಾಗಿ ಎರಡು ದಿನ ನಡೆಯಿತು. ಮಧ್ಯಸ್ಥಿಕೆಗೆ ಮಗನನ್ನು ಕೇಳಿದೆವು. ಮೆಹರಚಂದ ಮಹಾಜನರ ಗಡಿ ಆಯೋಗವು 1966ರಲ್ಲಿ ನೇಮಕವಾಗಿ, ಮರುವರ್ಷ ವರದಿ ಕೊಟ್ಟು, ಜತ್ತ ತಾಲೂಕಿನ ಹಲವು ಹಳ್ಳಿಗಳು ಕನ್ನಡ ನಾಡಿಗೆ ಸೇರಬೇಕೆಂದು ಹೇಳಿದರೂ ನಾವು ಇದ್ದಲ್ಲಿಯೇ ಇರುವುದನ್ನು ಬಲ್ಲ ನನಗೆ ಆಯೋಗಗಳಲ್ಲಿ ಹೆಚ್ಚಿನ ನಂಬಿಕೆಯಿರಲಿಲ್ಲ. ಆದರೆ ಮಗನು ಒಂದೇ ನಿಮಿಷದಲ್ಲಿ ತೀರ್ಪು ಕೊಟ್ಟನು: ಕೆಳಗೆ ಅಬೋಲಿ, ಮೇಲೆ ಬಿಳಿ, ನಡುವೆ ಎರಡು ಬೆರಳಿನ ಕಂದು ಪಟ್ಟಿ. ಗಡಿಯಿಂದ ಪಾರಾಗಲಾರದ ಊರಿನಲ್ಲಿ ನನ್ನ ಪಡಸಾಲೆಗೂ ಹೀಗೆ ಒಂದು ಗಡಿ ಬಂತು.

ಗಡಿಯೆಂದ ಮೇಲೆ ಅಳತೆ ಬಂತು, ಅಳತೆಯೆಂದ ಮೇಲೆ ತಂಟೆ. ಪೇಂಟರನು ಬಾಗಿಲ ಎಡಗಡೆಯಿಂದ ನೆಲದಿಂದ ಮೂರೂವರೆ ಅಡಿ ಅಳೆದು, ಕಾವಿಯಲ್ಲಿ ಅದ್ದಿದ ನೂಲು ಹಿಡಿದು ಟಪ್ಪೆಂದು ಗೆರೆ ಹೊಡೆಯುತ್ತ ಹೋದನು. ಬಲಗಡೆಯಿಂದ ಹೊರಟ ಅವನ ಸಹಾಯಕನು ಮೇಲಿನ ತೊಲೆಯಿಂದ ಕೆಳಕ್ಕೆ ಅಳೆಯುತ್ತ ಬಂದನು. ನನ್ನ ಮುತ್ತಜ್ಜನು ಕಟ್ಟಿಸಿದ ಮಣ್ಣಿನ ಮನೆಯಲ್ಲಿ ನೆಲವೂ ತೊಲೆಯೂ ಪರಸ್ಪರ ವಿಚಾರಿಸದೆ ತಮ್ಮ ತಮ್ಮ ದಿಕ್ಕಿಗೆ ಇಳಿದಿವೆಯಾಗಿ, ಎರಡು ಗೆರೆಗಳೂ ಎದುರಿನ ಗೋಡೆಯ ಮೇಲೆ, ಸರಿಯಾಗಿ ನಮ್ಮಪ್ಪನ ಭಾವಚಿತ್ರದ ಕೆಳಗೆ, ನಾಲ್ಕು ಬೆರಳಿನ ಅಂತರದಲ್ಲಿ ಭೇಟಿಯಾದವು. ನಾನು ಶಾಲೆಯ ಅಳತೆಪಟ್ಟಿ ತಂದು ಪರೀಕ್ಷಿಸಿದೆನು. ಇಬ್ಬರ ಲೆಕ್ಕವೂ ಸರಿಯಾಗಿತ್ತು. “ಅಪ್ಪಾರ ಫೋಟೋ ನಾಕ ಬಳ್ಳ ಕೆಳಗ ಹಚ್ಚಿಬಿಡ್ರಿ, ಏನೂ ಕಾಣೂದಿಲ್ಲ” ಎಂದು ಪೇಂಟರನು ಪರಿಹಾರ ಸೂಚಿಸಿದನು. ಜೀವಮಾನದಲ್ಲಿ ಯಾರಿಗೂ ತಲೆತಗ್ಗಿಸದ ನಮ್ಮಪ್ಪ ಹೀಗೆ ಮೊದಲ ಬಾರಿಗೆ ನಾಲ್ಕು ಬೆರಳು ಕೆಳಗಿಳಿದನು.

ಬಣ್ಣವು ಒಂಟಿಯಾಗಿ ಬರುವುದಿಲ್ಲವೆಂಬುದು ಆಮೇಲೆ ತಿಳಿಯಿತು. ಫ್ರಾನ್ಸ್ ದೇಶದ ದಿದೆರೋ ಎಂಬ ಪಂಡಿತನಿಗೆ ಯಾರೋ ಒಂದು ಹೊಸ ಕೆಂಪು ನಿಲುವಂಗಿಯನ್ನು ಕೊಟ್ಟರಂತೆ; ಅದರ ಮುಂದೆ ಕುರ್ಚಿ ಹಳತಾಗಿ ಕಂಡಿತು, ಮೇಜು ಹಳತಾಗಿ ಕಂಡಿತು; ಒಂದೊಂದನ್ನೇ ಬದಲಿಸಿ ಸೋತು, ಹಳೆಯ ನಿಲುವಂಗಿಯನ್ನು ನೆನೆದು ಅವನು 1769ರಲ್ಲಿ ಒಂದು ಪ್ರಬಂಧವನ್ನೇ ಬರೆದನು. ನಮ್ಮಲ್ಲಿ ಅಬೋಲಿಯ ಮುಂದೆ ಮೊದಲು ಬಾಗಿಲ ಪರದೆ ಮಾಸಿ ಕಂಡಿತು. ನಮ್ಮ ಮನೆಯವರು ಹಳೆಯ ಇಳಕಲ್ ಸೀರೆಯೊಂದನ್ನು ಕತ್ತರಿಸಿ ಪರದೆ ಮಾಡಿದರು. ಅದು ನಿಜವಾಗಿಯೂ ಬಹು ಚೆನ್ನಾಗಿದೆ, ಸೆರಗಿನ ಕೆಂಪು ನೆಲಕ್ಕೆ ತಾಗುವಂತೆ. ಹಿತ್ತಾಳೆಯ ಹಳೆಯ ತಪೇಲಿಗೆ ಹುಣಸೆಹಣ್ಣಿನ ಸ್ನಾನವಾಗಿ, ಅದು ಜೋಳದ ತೆನೆಗಳನ್ನು ತಲೆಯ ಮೇಲೆ ಹೊತ್ತು ಮೂಲೆಯಲ್ಲಿ ನಿಂತಿತು. ನನ್ನ ಮಂಚವನ್ನು, ಬೆಳಕು ಬರಲೆಂದು, ಕಿಟಕಿಯ ಕೆಳಗೆ ಸರಿಸಿದರು. ಆ ರಾತ್ರಿ ಕರೆಂಟು ಹೋದಾಗ ನಾನು ಮೂವತ್ತೆಂಟು ವರ್ಷಗಳ ಅಭ್ಯಾಸಬಲದಿಂದ ಪೂರ್ವದ ಗೋಡೆಯ ಕಡೆಗೆ ಹೋಗಿ ಮಂಚವಿಲ್ಲದ ಸ್ಥಳದಲ್ಲಿ ನಿಶ್ಚಿಂತೆಯಿಂದ ಕುಳಿತೆನು.

ಅಮಾವಾಸ್ಯೆಗೆ ಬೀಗರು ಬಂದರು. ರೊಟ್ಟಿ ಮುರಿದರು, ತಲೆಯೆತ್ತಿ ನೋಡಿದರು. ವಿಜಯಪುರದ ಹಿರಿಯರೊಬ್ಬರು ಬಹಳ ಹೊತ್ತು ಗೋಡೆಯನ್ನೇ ನಿಟ್ಟಿಸಿ, “ಮಾಸ್ತರ, ನಿಮ್ಮಪ್ಪ ಮದಲಿಗಿಂತ ಗಿಡ್ಡ ಆದಂಗ ಕಾಣ್ತಾರಲ್ಲ” ಎಂದರು. ಬಣ್ಣದ ಮಾತನ್ನು ಯಾರೂ ಎತ್ತಲಿಲ್ಲ. ಆದರೆ ಅವರೆಲ್ಲರೂ ಅಬೋಲಿಗೆ ನಿರ್ಭಯವಾಗಿ ಬೆನ್ನು ಕೊಟ್ಟು ಕುಳಿತು, ಎದ್ದು ಹೋಗುವಾಗ ಯಾರ ಅಂಗಿಗೂ ಏನೂ ಹತ್ತಿರಲಿಲ್ಲವೆಂಬುದನ್ನು ಪೇಂಟರನ ಪರವಾಗಿ ನಮೂದಿಸಬೇಕು.

ಜನವರಿಯಲ್ಲಿ ಹಳೆಯ ಕ್ಯಾಲೆಂಡರನ್ನು ಮೊಳೆಯಿಂದ ಇಳಿಸಿದಾಗ, ಪೇಂಟರನು ಅದನ್ನು ತೆಗೆಯುವ ಶ್ರಮವನ್ನು ವಹಿಸದೆ ಸುತ್ತಲೂ ಕುಂಚವಾಡಿಸಿದ್ದನೆಂಬ ಸಂಗತಿಯು ಬೆಳಕಿಗೆ ಬಂತು. ಹೊಸ ಬಿಳುಪಿನ ನಡುವೆ ಹೋದ ವರ್ಷದ ಸುಣ್ಣದ ಚೌಕವೊಂದು ತಿಳಿನೀಲಿಯಾಗಿ ಉಳಿದಿತ್ತು. ನಮ್ಮ ಮನೆಯವರು ಸೆರಗಿನಿಂದ ಅದರ ಧೂಳು ಒರೆಸಿ, “ಇದಽ ಛಂದ ಐತಲ್ರಿ” ಎಂದು ಒಳಗೆ ಹೋದರು. ಈ ವರ್ಷ ಕಿರಾಣಿ ಅಂಗಡಿಯವನು ಪುಕ್ಕಟೆ ಕೊಟ್ಟ ಕ್ಯಾಲೆಂಡರು ಆ ಚೌಕಕ್ಕಿಂತ ಎರಡು ಬೆರಳು ಚಿಕ್ಕದು. ಬಂದವರೆಲ್ಲ ಅದರ ಅಂಚಿನಿಂದ ಇಣುಕುವ ನೀಲಿಯನ್ನು ಕಂಡು ಗೋಡೆಗೆ ತೇವ ಹಿಡಿದಿದೆಯೇ ಎಂದು ವಿಚಾರಿಸುತ್ತಾರೆ. ಆದಕಾರಣ ಇಪ್ಪತ್ತು ಅಂಗುಲ ಉದ್ದ, ಹದಿನೈದು ಅಂಗುಲ ಅಗಲವಿರುವ ಕ್ಯಾಲೆಂಡರು ಯಾರ ಮನೆಯಲ್ಲಾದರೂ ಹೆಚ್ಚಿಗೆ ಇದ್ದರೆ ದಯಮಾಡಿ ಗುಡ್ಡಾಪುರಕ್ಕೆ ಹೋಗುವವರ ಕೈಯಲ್ಲಿ ಕಳುಹಿಸಿಕೊಡಬೇಕು. ಕನ್ನಡದ್ದಾದರೂ ಸರಿ, ಮರಾಠಿಯದಾದರೂ ಸರಿ.