ನಾನೇ ನಾನು ಎಂಬ ಅಫಿಡವಿಟ್ಟು

ನಮ್ಮ ಸೀಮೆಯ ಮೆಟ್ರಿ ಎಂಬ ಊರಿನ ಹುಡುಗ ಬಸವರಾಜ ವಿಜ್ಞಾನಿ ಆಗಬೇಕಾದರೆ ಮೊದಲು ನಾಡಕಚೇರಿಯಲ್ಲಿ ಪಾಳಿ ನಿಲ್ಲಬೇಕು. ಪ್ರಯೋಗಾಲಯ ಆಮೇಲಿನ ಮಾತು. ಊರಲ್ಲಿ ಅವನು 2ಎ. ಆದರೆ ದಿಲ್ಲಿಯವರಿಗೆ ನಮ್ಮ 2ಎ, 3ಬಿ ಯಾವುದೂ ನಡೆಯುವುದಿಲ್ಲ. ಕೇಂದ್ರದ ನಮೂನೆಯದೇ ಒಬಿಸಿ ಸರ್ಟಿಫಿಕೇಟ್ ಬೇಕು, ಅದರಲ್ಲಿ ಕೆನೆಪದರಕ್ಕೆ ಸೇರಿಲ್ಲವೆಂಬ ಷರಾ ಇರಬೇಕು. ಎರಡೆಕರೆ ಭತ್ತದ ಗದ್ದೆಯವನ ಮನೆಯಲ್ಲಿ ಕೆನೆ ಕಟ್ಟಿಲ್ಲ ಎನ್ನುವುದು ಊರಿನ ನಾಯಿಗೂ ಗೊತ್ತು. ತಹಶೀಲ್ದಾರರ ಸಹಿ ಬೀಳುವ ತನಕ ಸರ್ಕಾರಕ್ಕೆ ಗೊತ್ತಿಲ್ಲ.

ಅದು ಕೈಸೇರಿತು ಅನ್ನುವಷ್ಟರಲ್ಲಿ ಹೆಸರಿನ ತಕರಾರು. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯ ಇಂಗ್ಲಿಷಿನಲ್ಲಿ ಬಸವರಾಜನ ಬಾಲಕ್ಕೆ ಒಂದು ‘ಎ’ ಅಂಟಿಕೊಂಡಿದೆ, ಆಧಾರಿನಲ್ಲಿ ಅದು ಉದುರಿಹೋಗಿದೆ. ಕಂಪ್ಯೂಟರಿಗೆ ಇಬ್ಬರು ಬಸವರಾಜರು ಕಂಡು ಪರೀಕ್ಷೆಯ ಅರ್ಜಿ ಅಲ್ಲೇ ನಿಂತಿತು. ಹೊಸಪೇಟೆಗೆ ಹೋಗಿ, ನೋಟರಿ ಮುಂದೆ ಛಾಪಾ ಕಾಗದದ ಮೇಲೆ ‘ಅವನೂ ನಾನೇ, ಇವನೂ ನಾನೇ’ ಎಂದು ಪ್ರಮಾಣ ಮಾಡಿ ಬರಬೇಕು. ವಿದ್ಯಾರಣ್ಯರಿಗೆ ‘ಪಂಚದಶಿ’ಯ ಹದಿನೈದು ಅಧ್ಯಾಯ ಬೇಕಾದ ಅದ್ವೈತ ಇಲ್ಲಿ ಒಂದು ಸೀಲಿಗೆ ಮುಗಿಯುತ್ತದೆ.

ಕಾಗದಪತ್ರದ ವಿಷಯದಲ್ಲಿ ನಮ್ಮ ಸೀಮೆಯ ಮೇಲೆ ಇಷ್ಟು ಕಟ್ಟುನಿಟ್ಟೇ ಎಂದು ಕೇಳಬೇಡಿ. 2010ರಲ್ಲಿ ಬೇಲೆಕೇರಿ ಬಂದರಿನಲ್ಲಿ ಜಪ್ತಿ ಮಾಡಿಟ್ಟಿದ್ದ ನಮ್ಮ ಸೀಮೆಯ ಲಕ್ಷಗಟ್ಟಲೆ ಟನ್ ಅದಿರು ಯಾರ ಅಪ್ಪಣೆಯನ್ನೂ ಕೇಳದೆ ಹಡಗು ಹತ್ತಿ ಹೋಯಿತು. ಅದಿರಿಗೆ ಅಫಿಡವಿಟ್ಟು ಕೇಳಿದವರಿಲ್ಲ.

ಇನ್ನು ಪರೀಕ್ಷೆ, ವಿಜ್ಞಾನದ ಸಂಶೋಧನೆಗೆ ಫೆಲೋಶಿಪ್ಪು ಬೇಕಾದರೆ ಬರೆಯಬೇಕಾದ ಸಿಎಸ್‌ಐಆರ್ ನೆಟ್. ಸಂಡೂರಿನ ನಂದಿಹಳ್ಳಿಯ ಸ್ನಾತಕೋತ್ತರ ಕೇಂದ್ರದಲ್ಲಿ ಖನಿಜ ಸಂಸ್ಕರಣೆಯನ್ನೇ ಒಂದು ವಿಷಯವಾಗಿ ಕಲಿಸುತ್ತಾರೆ. ಎದುರಿಗೇ ಗುಡ್ಡ, ಕಾಲಡಿಗೇ ಅದಿರು. ಸಿಎಸ್‌ಐಆರ್ ನೆಟ್‌ನಲ್ಲಿರುವುದು ಐದೇ ವಿಷಯ: ರಸಾಯನ, ಭೂವಿಜ್ಞಾನ, ಜೀವವಿಜ್ಞಾನ, ಗಣಿತ, ಭೌತ. ಖನಿಜ ಸಂಸ್ಕರಣೆ ಅದರಲ್ಲಿಲ್ಲ. ಆದ್ದರಿಂದ ನಂದಿಹಳ್ಳಿಯಲ್ಲಿ ಓದಿದವನು ರಸಾಯನದವರ ಮನೆಗೋ ಭೂವಿಜ್ಞಾನದವರ ಮನೆಗೋ ದತ್ತು ಹೋಗಬೇಕು. ಪ್ರಶ್ನೆಪತ್ರಿಕೆ ಇಂಗ್ಲಿಷ್ ಅಥವಾ ಹಿಂದಿ, ಯಾವುದು ಬೇಕೋ ಆರಿಸಿಕೊಳ್ಳಬಹುದು. ಕನ್ನಡದವನಿಗೂ ಆಯ್ಕೆಯ ಸ್ವಾತಂತ್ರ್ಯ ಪೂರ್ತಿ ಇದೆ. 2024ರಲ್ಲಿ ಜೂನ್ 25ಕ್ಕೆ ಶುರುವಾಗಬೇಕಿದ್ದ ಪರೀಕ್ಷೆಯನ್ನು 21ರಂದು ಮುಂದೂಡಿದರು. ಅದಕ್ಕೂ ಎರಡು ದಿನ ಹಿಂದೆ, ಬರೆದು ಮುಗಿದಿದ್ದ ಯುಜಿಸಿ ನೆಟ್ಟನ್ನೇ ರದ್ದು ಮಾಡಿದ್ದರು. ಒಂದು ಪ್ರಯೋಗದ ಫಲಿತಾಂಶ ಮತ್ತೆ ಮಾಡಿದರೂ ಹಾಗೇ ಬರಬೇಕು ಎಂಬ ವಿಜ್ಞಾನದ ನಿಯಮವನ್ನು ಪರೀಕ್ಷೆ ನಡೆಸುವವರು ಚೆನ್ನಾಗಿಯೇ ಪಾಲಿಸುತ್ತಿದ್ದಾರೆ.

ಪಾಸಾದನೆನ್ನಿ. ಗೈಡು ಹಿಡಿಯಬೇಕು, ವಿಷಯ ಹೇಳಬೇಕು. ನಮ್ಮ ಹುಡುಗನಿಗೆ ಅಪ್ಪನ ಹೊಲದ ಸವಳು ಗೊತ್ತು. ಕಾಲುವೆ ನೀರು ಬಂದಾಗಿನಿಂದ ತಗ್ಗಿನ ಮಡಿಗಳಲ್ಲಿ ಉಪ್ಪು ಬೆಳ್ಳಗೆ ಮೇಲೆದ್ದು, ಭತ್ತದ ಪೈರು ತುದಿಯಿಂದ ಸುಟ್ಟುಕೊಂಡು ಬರುವುದನ್ನು ಚಿಕ್ಕಂದಿನಿಂದ ನೋಡಿದ್ದಾನೆ. ಅದನ್ನೇ ಹೇಳಿದ.

‘ಸವಳು ಗಿವಳು ಯಾರಿಗೆ ಬೇಕಪ?’

‘ನಮ್ಮ ಕಡೆ ಭಾಳ ಐತ್ರಿ ಸರ್.’

‘ನಿಮ್ಮ ಕಡೆ ಇದ್ರ ಏನಾತು? ಕಮಿಟಿಯವ್ರ ಕಡೆ ಇರಬೇಕಲ್ಲ. ನ್ಯಾನೋ ಅಂತ ಹಾಕು. ಎಐ ಒಂದು ಎರಡು ಕಡೆ ಬರ್ಲಿ.’

ಹೀಗೆ ಮೆಟ್ರಿಯ ಸವಳಿಗೆ ಕೃತಕ ಬುದ್ಧಿಮತ್ತೆ ಬಂತು. ಸವಳು ಮಾತ್ರ ಹೊಲದಲ್ಲೇ ಉಳಿಯಿತು.

ದುಡ್ಡಿನ ಮಾತಿಗೆ ಬರೋಣ. 2023ರ ಜನವರಿಯಿಂದ, ನೆಟ್‌ನಲ್ಲಿ ಆಯ್ಕೆಯಾದವರಿಗೆ ಸಿಗುವ ಕಿರಿಯ ಸಂಶೋಧನಾ ಫೆಲೋಶಿಪ್ಪು ಜೆಆರ್‌ಎಫ್‌ಗೆ ತಿಂಗಳಿಗೆ 37,000 ರೂಪಾಯಿ. ಅಮೆರಿಕದ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನ (ಎನ್‌ಎಸ್‌ಎಫ್) ತನ್ನ ಸಂಶೋಧನಾ ವಿದ್ಯಾರ್ಥಿಗೆ ಕೊಡುವುದೂ 37,000, ಅದು ಡಾಲರು, ವರ್ಷಕ್ಕೆ. ಅಂಕಿಯಲ್ಲಿ ನಾವು ಅಮೆರಿಕಕ್ಕೆ ಸಮ ಆಗಿದ್ದೇವೆ, ಖಾತೆಗೆ ಬೀಳುವುದೊಂದೇ ಬಾಕಿ. ಯುಜಿಸಿ ಫೆಲೋಶಿಪ್ಪಾದರೆ ವಿಶ್ವವಿದ್ಯಾಲಯದಲ್ಲಿ ‘ಮೇಕರ್’ ಎಂಬವರು ತಿಂಗಳು ತಿಂಗಳೂ ಪೋರ್ಟಲ್ಲಿನಲ್ಲಿ ಗುಂಡಿ ಒತ್ತಬೇಕು, ‘ಚೆಕರ್’ ಎಂಬವರು ಒಪ್ಪಬೇಕು. ಇವರಿದ್ದರೆ ಅವರು ರಜೆ, ಅವರಿದ್ದರೆ ಸರ್ವರ್ ರಜೆ. ವಿಶ್ವವಿದ್ಯಾಲಯಕ್ಕೇ ಮೊದಲು ಬಂದವರಿಗೆ ಸಿಗುವ ಇನ್‌ಸ್ಪೈರ್ ಫೆಲೋಶಿಪ್ಪಿನವರು 2025ರಲ್ಲಿ ತಿಂಗಳುಗಟ್ಟಲೆ ಸ್ಟೈಪೆಂಡ್ ಇಲ್ಲದೆ ಕೂತರು. ಫಸ್ಟ್ ರ್‍ಯಾಂಕ್ ಬರಬಾರದೆಂದು ಹಿರಿಯರು ಯಾಕೆ ಹೇಳಲಿಲ್ಲವೋ.

ಮೆಟ್ರಿಯ ಕಟ್ಟೆಯ ಮೇಲೆ ಮಾವನ ವರಸೆಯವರೊಬ್ಬರು ಕೇಳುತ್ತಾರೆ: ‘ನೌಕರಿ ಬಂತಂತಲ್ಲಪ?’ ‘ನೌಕರಿ ಅಲ್ರಿ ಮಾವ, ಫೆಲೋಶಿಪ್ಪು.’ ‘ಪಗಾರ?’ ‘ಬರ್ತೈತ್ರಿ.’ ಮಾವನ ಮಗಳ ನಿಶ್ಚಿತಾರ್ಥ ಮುಂದಿನ ತಿಂಗಳು ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯ ಹುಡುಗನ ಜೊತೆ ಆಗುತ್ತದೆ. ಅವನಿಗೆ ಪಗಾರ ತಿಂಗಳಿಗೆ ಸರಿಯಾಗಿ ಬರುತ್ತದೆ.

ಕೆಲಸ ಬೇಗ ಆಗುವುದೇ ಇಲ್ಲ ಎಂದರೆ ತಪ್ಪಾಗುತ್ತದೆ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೇ ಕ್ರಸ್ಟ್‌ಗೇಟು ಚೈನು ತುಂಡಾಗಿ ಕೊಚ್ಚಿಹೋಯಿತು. ನೀರು ಧುಮುಕುತ್ತಿರುವಾಗಲೇ, ಸುತ್ತಲ ಕಾರ್ಖಾನೆಗಳಲ್ಲಿ ಸ್ಟಾಪ್‌ಲಾಗ್ ಎಂಬ ತಾತ್ಕಾಲಿಕ ಗೇಟು ಮಾಡಿಸಿ, ವಾರದಲ್ಲಿ ಕೂರಿಸಿದರು. ಕೆಲಸದ ಮುಂದಾಳು ಕನ್ನಯ್ಯ ನಾಯ್ಡು, ಎಂದೋ ನಿವೃತ್ತರಾದವರು. ಜೆಆರ್‌ಎಫ್ ವಯೋಮಿತಿ ಮೂವತ್ತು. ಪುಣ್ಯಕ್ಕೆ ಅವತ್ತು ಅವರಿಗೆ ಆನ್‌ಲೈನ್ ಅರ್ಜಿ ತುಂಬಿ ಎಂದು ಯಾರೂ ಹೇಳಲಿಲ್ಲ.