ಬಾಲ್ಕನಿಯ ಬಾಣಂತನ

ಅವಿಭಜಿತ ದಕ್ಷಿಣ ಕನ್ನಡ ಜಿಲ್ಲೆ ದೇಶಕ್ಕೆ ಐದು ಬ್ಯಾಂಕುಗಳನ್ನು ಕೊಟ್ಟಿತು. 1906ರಲ್ಲಿ ಕೆನರಾ ಮತ್ತು ಕಾರ್ಪೊರೇಶನ್, 1924ರಲ್ಲಿ ಕರ್ಣಾಟಕ, ಮರುವರ್ಷ ಸಿಂಡಿಕೇಟ್, 1931ರಲ್ಲಿ ವಿಜಯಾ. ಇವುಗಳಲ್ಲಿ ಮೂರು 2019 ಮತ್ತು 2020ರ ವಿಲೀನದಲ್ಲಿ ಹೆಸರು ಕಳಕೊಂಡವು. ಆದರೆ ಅವುಗಳ ನಿವೃತ್ತ ಮೆನೇಜರರನ್ನು ವಿಲೀನ ಮಾಡಿಕೊಳ್ಳಲು ಯಾವ ಬ್ಯಾಂಕೂ ಮುಂದೆ ಬರಲಿಲ್ಲ. ಅವರೆಲ್ಲ ಕದ್ರಿ, ಬಿಜೈ, ಉರ್ವ, ಮಣ್ಣಗುಡ್ಡೆಯ ಫ್ಲ್ಯಾಟುಗಳಲ್ಲಿ ನಿರಖು ಠೇವಣಿಯಾಗಿ ಕೂತಿದ್ದಾರೆ.

ಕೆಲವರು ದೇವಸ್ಥಾನದ ಬ್ರಹ್ಮಕಲಶ ಸಮಿತಿಗೆ ಖಜಾಂಚಿಯಾಗುತ್ತಾರೆ. ಕೆಲವರು ಯಕ್ಷಗಾನಕ್ಕೆ ಹೋಗಿ ಮುಂದಿನ ಸಾಲಿನಲ್ಲಿ ನಿದ್ರೆ ಮಾಡುತ್ತಾರೆ. ಉಳಿದವರಲ್ಲಿ ಒಂದು ವಿಶೇಷ ಜಾತಿ ಉಂಟು. ಮನೆಯಲ್ಲಿ ಹಕ್ಕಿ ಗೂಡು ಕಟ್ಟುವವರೆಗೆ ಇವರು ಸಾಧಾರಣ ಮನುಷ್ಯರು. ಕಟ್ಟಿತೋ, ಮುಗಿಯಿತು. ನಮ್ಮ ಕಟ್ಟಡದ ಮೂರನೆಯ ಮಹಡಿಯ ಭಟ್ರು ಈ ಜಾತಿಗೆ ಸೇರಿದವರು. ನಿಮ್ಮ ಕಟ್ಟಡದಲ್ಲಿ ಅವರು ಶೆಟ್ರೋ, ಪೈಗಳೋ, ಡಿಸೋಜರೋ ಆಗಿರಬಹುದು. ಲಕ್ಷಣ ಒಂದೇ.

ಭಟ್ರ ಮನೆಗೆ ಬಂದದ್ದು ಕೆಮ್ಮೀಸೆ ಪಿಕಳಾರದ ಜೋಡಿ. ತಲೆಗೆ ಚೂಪು ಕರಿ ಜುಟ್ಟು, ಕಣ್ಣಿನ ಹಿಂದೆ ಕೆಂಪು ಬೊಟ್ಟು, ಬಾಲದ ಬುಡದಲ್ಲಿ ಇನ್ನೊಂದು ಕೆಂಪು. ಮಾರ್ಚಿನ ಬೆವರಿನಲ್ಲಿ ಇಡೀ ಮಂಗಳೂರು ಫ್ಯಾನಿನಡಿ ಬಿದ್ದುಕೊಂಡಿದ್ದಾಗ ಇವೆರಡು ಬಾಲ್ಕನಿಯ ಶಂಕರಪುರ ಮಲ್ಲಿಗೆಯ ಚಟ್ಟಿಯನ್ನು ಆರಿಸಿಕೊಂಡವು. ಒಣ ಬೇರು, ಹುಲ್ಲು, ಎಲೆ ಚೂರು, ಎಲ್ಲಿಂದಲೋ ತಂದ ಪ್ಲಾಸ್ಟಿಕ್ ತುಂಡು ಸೇರಿಸಿ ಬಟ್ಟಲಿನ ಆಕಾರಕ್ಕೆ ತಂದವು.

“ಸಾಲ ಇಲ್ಲ, ಜಾಮೀನಿಲ್ಲ, ಕಂತಿಲ್ಲ. ವಾರದೊಳಗೆ ಒಕ್ಕಲಾಯ್ತು ನೋಡಿ ಮಾರಾಯ್ರೆ!” ಎಂದು ಭಟ್ರು ಲಿಫ್ಟಿನಲ್ಲಿ ಸಿಕ್ಕಿದವರಿಗೆಲ್ಲ ಹೇಳಿದರು. ಎಷ್ಟೋ ಜನರ ಗೃಹಸಾಲದ ಅರ್ಜಿಯನ್ನು ವಾಪಸು ಕಳಿಸಿದ ಕೈ ಅದು.

ಮೊಟ್ಟೆ ದಿನಕ್ಕೊಂದರಂತೆ ಬಂತು. ತಿಳಿಗುಲಾಬಿ ಮೈ, ಮೇಲೆಲ್ಲ ಕೆಂಗಂದು ಚುಕ್ಕಿ. ಕಟ್ಟಡದ ವಾಟ್ಸಾಪ್ ಬಳಗಕ್ಕೆ ಸಂದೇಶವೂ ದಿನಕ್ಕೊಂದರಂತೆ ಬಂತು: “ಮೂರನೇ ಠೇವಣಿ ಸ್ವೀಕೃತ. ಗ್ರಾಹಕರು ಕ್ಷೇಮ.” ಜತೆಗೆ ಫೋಟೊ. ನೀರು ಬಾರದ ದಿನವೂ ಅಷ್ಟು ಸಂದೇಶ ಆ ಬಳಗದಲ್ಲಿ ಬಂದದ್ದಿಲ್ಲ.

ಅಲ್ಲಿಂದ ಮನೆಯಲ್ಲಿ ಸುತ್ತೋಲೆಗಳು ಶುರುವಾದವು. ಬಾಲ್ಕನಿಯಲ್ಲಿ ಬಟ್ಟೆ ಒಣಗಿಸಬಾರದು. ತೆಂಗಿನಕಾಯಿ ಕಡೆಯುವ ಮಿಕ್ಸಿ ಬಾತ್‌ರೂಮಿಗೆ ವರ್ಗ. ಕುಕ್ಕರು ಎರಡಕ್ಕಿಂತ ಹೆಚ್ಚು ಸೀಟಿ ಹೊಡೆಯುವಂತಿಲ್ಲ. ಕುಚ್ಚಲಕ್ಕಿ ಅಷ್ಟರಲ್ಲಿ ಬೇಯದಿದ್ದರೆ ಅದು ಅಕ್ಕಿಯ ಸಮಸ್ಯೆ. ಮಲ್ಲಿಗೆ ಕೊಯ್ಯುವುದಂತೂ ಸಂಪೂರ್ಣ ನಿಷೇಧ. ಭಟ್ರ ಹೆಂಡತಿ, ನಮಗೆಲ್ಲ ಅಕ್ಕ, ಸ್ವಂತ ಗಿಡದಲ್ಲಿ ಹೂ ಬಿರಿಯುವುದನ್ನು ನೋಡುತ್ತ ಮಾರ್ಕೆಟಿನಿಂದ ಚೆಂಡು ಮಲ್ಲಿಗೆ ತರಿಸಿಕೊಂಡರು. ಮೊಗ್ಗು ಕೊರೆಯುವ ಹುಳಕ್ಕೆ ಮದ್ದು ಬಿಡುವುದೂ ನಿಂತಿತು. ಪಿಕಳಾರ ಹಣ್ಣು ತಿನ್ನುವ ಹಕ್ಕಿಯಾದರೂ ಎಳೆ ಮರಿಗಳಿಗೆ ಕೊಡುವುದು ಹೆಚ್ಚಾಗಿ ಹುಳಹುಪ್ಪಟೆ. “ಅವುಗಳ ರೇಷನ್ನಿಗೆ ವಿಷ ಹಾಕುವುದಾ?” ಎಂದು ಭಟ್ರು ಕೇಳಿದರು.

ಅಕ್ಕ ಒಂದು ದಿನ ಮೆಟ್ಟಿಲಲ್ಲಿ ಸಿಕ್ಕಿ ಹೇಳಿದರು, “ನಮ್ಮ ಮಾಣಿ ಹುಟ್ಟುವಾಗ ಇವರು ಬಿಹಾರದ ಬ್ರಾಂಚಿನಲ್ಲಿ ಇದ್ದದ್ದು. ಮೂರು ತಿಂಗಳು ಕಳೆದು ಬಂದು ತೊಟ್ಟಿಲು ಇಣುಕಿ, ‘ರಾತ್ರಿ ಕೂಗ್ತದಾ ಇದು?’ ಅಂತ ಕೇಳಿದ್ರು. ಈಗ ನೋಡಿ, ರಾತ್ರಿ ಎರಡಕ್ಕೆ ಟಾರ್ಚು ಹಿಡಿದು ಎದ್ದು ಹೋಗ್ತಾರೆ.”

ಇದೇ ಟಾರ್ಚಿನಿಂದ ಗಲಾಟೆಯಾಯಿತು. ಮನುಷ್ಯರು ಮುಟ್ಟಿದ ವಾಸನೆಗೆ ಹಕ್ಕಿ ಗೂಡು ಬಿಡುತ್ತದೆ ಎಂದು ಭಟ್ರು ಎಲ್ಲರಿಗೂ ಪಾಠ ಹೇಳುತ್ತಿದ್ದರು. ವಾಸನೆಯ ಮಾತು ಬರೀ ನಂಬಿಕೆ. ಹಕ್ಕಿ ಗೂಡು ಬಿಟ್ಟು ಹೋಗುವುದು ಮತ್ತೆ ಮತ್ತೆ ಇಣುಕುವ ಮುಖಕ್ಕೆ ಹೆದರಿ. ಮನುಷ್ಯ ಎಲ್ಲಿ ಇಣುಕುತ್ತಾನೋ ಅಲ್ಲಿ ಏನೋ ಉಂಟೆಂದು ಕಾಗೆಗೂ ಗೊತ್ತಾಗುತ್ತದೆ. ಭಟ್ರು ಗಂಟೆಗೊಮ್ಮೆ ತಪಾಸಣೆಗೆ ಹೋಗುತ್ತಿದ್ದುದರಿಂದ ಎದುರಿನ ಹಲಸಿನ ಮರದಲ್ಲಿ ಎರಡು ಕಾಗೆ, ಒಂದು ಕೆಂಬೂತ ಖಾಯಂ ಆಗಿ ಕೂರತೊಡಗಿದವು. ಅಕ್ಕ ನೋಡುವಷ್ಟು ನೋಡಿ ಬಾಲ್ಕನಿಯ ಬಾಗಿಲಿಗೆ ಬೀಗ ಜಡಿದು ಬೀಗದ ಕೈ ಸೆರಗಿಗೆ ಕಟ್ಟಿಕೊಂಡರು. ಒಳಗೆ ಪರದೆಯ ಹಿಂದೆ ಒಂದು ಕುರ್ಚಿ ಇಟ್ಟು, “ಇಲ್ಲಿಂದ ನೋಡಿ. ಕೆಮ್ಮಬೇಡಿ” ಎಂದರು. ಮೆನೇಜರರ ಸೇವಾವಧಿಯಲ್ಲಿ ಅದು ಮೊದಲ ಸಸ್ಪೆನ್ಶನ್.

ಭಟ್ರು ನಿಜವಾಗಿ ಹಕ್ಕಿ ನೋಡಲು ಕಲಿತದ್ದು ಆ ಕುರ್ಚಿಯಲ್ಲಿ. ಎರಡು ವಾರ ತುಂಬುವ ಮೊದಲೇ ಎರಡು ಮೊಟ್ಟೆ ಒಡೆದವು. ಮೂರನೆಯದು ಹಾಗೆಯೇ ಉಳಿಯಿತು. “ಒಂದು ಎನ್‌ಪಿಎ” ಎಂದು ಭಟ್ರು ಬಳಗಕ್ಕೆ ದುಃಖದಿಂದ ತಿಳಿಸಿದರು. ಒಂದು ಮಧ್ಯಾಹ್ನ ನನ್ನನ್ನೂ ಪರದೆಯ ಹಿಂದೆ ನಿಲ್ಲಿಸಿಕೊಂಡರು. ದೊಡ್ಡ ಹಕ್ಕಿ ಬಂದು ಹಸಿರು ಕಂಬಳಿಹುಳವನ್ನು ಮರಿಯ ಗಂಟಲಿಗೆ ತುರುಕಿತು. ನುಂಗಿದ ಮರಿ ತಿರುಗಿ ಅಂಡು ಎತ್ತಿತು. ತೆಳು ಪೊರೆಯಲ್ಲಿ ಸುತ್ತಿದ ಬಿಳಿ ಹಿಕ್ಕೆ ಹೊರಬಂತು. ದೊಡ್ಡದು ಅದನ್ನು ಕೊಕ್ಕಿನಲ್ಲಿ ಕಚ್ಚಿಕೊಂಡು ಹಾರಿಹೋಯಿತು. ಗೂಡಿಗೆ ಒಂದು ಕಲೆ ಇಲ್ಲ.

“ತಾಯಿ ಅಂದರೆ ತಾಯಿ!” ಭಟ್ರ ಕಣ್ಣು ತುಂಬಿತು.

“ತಾಯಿ ಅಂತ ಹೇಗೆ ಗೊತ್ತಾಯ್ತು?” ಅಕ್ಕ ಹಿಂದಿನಿಂದ ಕೇಳಿದರು. “ಗಂಡು ಹೆಣ್ಣು ಎರಡೂ ನೋಡಲಿಕ್ಕೆ ಒಂದೇ ಅಂತ ನಿಮ್ಮ ಪುಸ್ತಕದಲ್ಲೇ ಉಂಟಲ್ಲ. ತಿನ್ನಿಸುವುದೂ ಇಬ್ಬರೂ ಅಂತೆ. ಅದು ಅಪ್ಪ ಆದರೆ?”

ಭಟ್ರು ಉತ್ತರ ಕೊಡದೆ ಕನ್ನಡಕ ಒರೆಸಿಕೊಂಡರು.

ಅಷ್ಟರಲ್ಲಿ ಮಳೆಗಾಲಕ್ಕೆ ಮುಂಚೆ ಕಟ್ಟಡಕ್ಕೆ ಬಣ್ಣ ಬಳಿಯಲು ಸಂಘ ನಿಶ್ಚಯಿಸಿತು. ಬಿದಿರು ಬಂತು, ಜನ ಬಂದರು. ಭಟ್ರು ಸಭೆಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರತಿಯನ್ನೇ ತಂದರು. “ಕಾಡುಹಕ್ಕಿಯ ಮೊಟ್ಟೆಗೋ ಗೂಡಿಗೋ ತೊಂದರೆ ಕೊಟ್ಟರೆ ಅದೂ ಬೇಟೆ. ಎರಡನೇ ಸೆಕ್ಷನ್ ಓದಿ.”

“ಬಣ್ಣ ಬಳಿಯುವುದು ಬೇಟೆಯಾ ಮಾರಾಯ್ರೆ?” ಎಂದು ಕಾರ್ಯದರ್ಶಿ ತಲೆಗೆ ಕೈಯಿಟ್ಟರು. ಓದಿ ನೋಡಿದರೆ ಕಾಯಿದೆಯಲ್ಲಿ ಹಾಗೆಯೇ ಇತ್ತು. ಭಟ್ರ ದಿಕ್ಕಿನ ಗೋಡೆ ಬಿಟ್ಟು ಉಳಿದ ಮೂರಕ್ಕೆ ಬಣ್ಣ ಬಿತ್ತು.

ಕಾಗೆಗೆ ಕಾಯಿದೆ ಓದಿಸಲು ಆಗಲಿಲ್ಲ. ಅದಕ್ಕೆ ಅಕ್ಕನ ಹಪ್ಪಳದ ಕೋಲು ಇತ್ತು. ಕಷ್ಟವಾದದ್ದು ನೆಲಮಹಡಿಯ ಬಾಯಮ್ಮನ ಬೆಕ್ಕು. ಪಿಕಳಾರದ ಮರಿಗಳು ಚೆನ್ನಾಗಿ ಹಾರಲು ಬರುವ ಮುಂಚೆಯೇ, ಹನ್ನೆರಡು ಹದಿಮೂರು ದಿನಕ್ಕೆಲ್ಲ, ಗೂಡಿನಿಂದ ಹೊರಬೀಳುತ್ತವೆ. ಆ ಹೊತ್ತಿಗೆ ಬೆಕ್ಕು ಹಸಿದಿರಬಾರದು ಎಂಬುದು ಭಟ್ರ ಲೆಕ್ಕ. ಜನ್ಮದಲ್ಲಿ ನೀರುಳ್ಳಿ ಮುಟ್ಟದ ಮನುಷ್ಯ ಬೆಳಿಗ್ಗೆ ಬಂದರಿನ ದಕ್ಕೆಗೆ ಹೋದರು. ಗುರುತು ಸಿಗಬಾರದೆಂದು ಹೆಲ್ಮೆಟ್ ತೆಗೆಯಲಿಲ್ಲ. ಜತೆಗೆ ಕರೆದುಕೊಂಡು ಹೋದದ್ದು ನನ್ನನ್ನು. “ಅರ್ಧ ಕೆಜಿ ಬೂತಾಯಿ ಕೊಡಿ,” ಎಂದು ಮೀನಿನ ಹೆಂಗಸಿನ ಹತ್ತಿರ ಪಿಸುಗುಟ್ಟಿದರು, “ತುಂಬ ಹಣ್ಣಾದದ್ದು ಬೇಡ.”

ಬೆಕ್ಕು ಬೂತಾಯಿ ತಿಂದು ಬಾಯಮ್ಮನ ಮೆಟ್ಟಿಲಲ್ಲಿ ಮೈಚಾಚಿತು. ಮೇಲೆ ಒಂದು ಮರಿ ಮಲ್ಲಿಗೆ ಗೆಲ್ಲಿನಿಂದ ಬಾಲ್ಕನಿಯ ಸರಳಿಗೆ, ಸರಳಿನಿಂದ ಎ.ಸಿ. ಪೆಟ್ಟಿಗೆಗೆ ಎಡವುತ್ತ ಹಾರಿತು. ಇನ್ನೊಂದು ನೇರ ಕೆಳಗಿನ ದಾಸವಾಳದ ಪೊದೆಗೆ ಬಿತ್ತು. “ಕೆಂಪು ಮೀಸೆಯೇ ಬರಲಿಲ್ಲ, ಪೋಷಣೆ ಸಾಲದೇ ಹೋಯ್ತಾ?” ಎಂದು ಭಟ್ರು ಕಂಗಾಲಾದರು. ಮೀಸೆ ಬೆಳೆದ ಮೇಲೆ ಬರುವುದು, ಎಳೆಯವಕ್ಕೆ ಇರುವುದಿಲ್ಲ. ಪೊದೆಗೆ ಬಿದ್ದದ್ದನ್ನು ಎತ್ತಿ ತರಲು ಕಾವಲಿನವ ಬುಟ್ಟಿ ಹಿಡಿದು ಹೊರಟಾಗ ತಡೆದದ್ದು ಭಟ್ರೇ: “ಮುಟ್ಟಬೇಡ. ಅಪ್ಪ ಅಮ್ಮ ಅಲ್ಲಿಗೇ ಬರ್ತಾರೆ.” ಬಂದವು. ಒಂದರ ಕೊಕ್ಕಿನಲ್ಲಿ ಹುಳವಿತ್ತು.

ಇಂಥವರನ್ನು ನೋಡಿ ನಾವು ನಗುತ್ತೇವೆ, ನಗಬೇಕಾದದ್ದೇ. ಆದರೂ ಊರಿನ ತೋಟಗಳೆಲ್ಲ ಫ್ಲ್ಯಾಟುಗಳಾದ ಮೇಲೆ ಹಕ್ಕಿಗಳಿಗೆ ಉಳಿದದ್ದು ಚಟ್ಟಿಯ ಗಿಡ, ಮತ್ತು ಅದರ ಹಿಂದೆ ಇಂಥ ಒಬ್ಬ ಅಧಿಕಪ್ರಸಂಗಿ. ನಿಮ್ಮ ಮನೆಯಲ್ಲಿ ಪಿಕಳಾರ ಗೂಡು ಕಟ್ಟಿದರೆ ಫೋಟೊ ಕಡಿಮೆ ಮಾಡಿ, ಟಾರ್ಚು ಒಳಗಿಡಿ, ನೆಲಕ್ಕೆ ಬಿದ್ದ ಪುಕ್ಕ ಬಂದ ಮರಿಯನ್ನು ಹಿಡಿದು ತರಬೇಡಿ, ಬೆಕ್ಕನ್ನು ಒಳಗೆ ಕೂಡಿಹಾಕಿ. ಕಾವು, ಪೋಷಣೆ ಎಲ್ಲ ಸೇರಿ ಹೆಚ್ಚೆಂದರೆ ಒಂದು ತಿಂಗಳ ವ್ಯವಹಾರ. ಒಂದು ತಿಂಗಳು ಬಣ್ಣ ತಡವಾದರೆ ಯಾವ ಗೋಡೆಯೂ ಬೀಳುವುದಿಲ್ಲ.